ಹಿಂದಿನ ಗಾಲಿಯ ಹಿಡಿತ: ಗಾಡಿಯನ್ನು ಓಡಿಸುವುದು ಎಂಜಿನ್ನೋ, ನೆಲವೋ?

ಪಿಕಪ್ ಗಾಡಿಯಲ್ಲಿ ಎಂಜಿನ್, ಗೇರ್‌ಬಾಕ್ಸ್, ಚಾಲಕನ ಕ್ಯಾಬಿನ್ ಎಲ್ಲವೂ ಮುಂದಿರುತ್ತವೆ. ಹಿಂದೆ ಇರುವುದು ತೊಟ್ಟಿ. ತೊಟ್ಟಿ ಖಾಲಿ ಇದ್ದಾಗ ಒಟ್ಟು ತೂಕದಲ್ಲಿ ಹೆಚ್ಚುಕಡಿಮೆ 60 ಪಾಲು ಮುಂದಿನ ಗಾಲಿಗಳ ಮೇಲೆ, 40 ಪಾಲು ಹಿಂದಿನ ಗಾಲಿಗಳ ಮೇಲೆ ಕೂರುತ್ತದೆ. ಆದರೆ ಸಾಮಾನ್ಯ ಪಿಕಪ್ಪಿನಲ್ಲಿ ಎಂಜಿನ್ನಿನ ಶಕ್ತಿ ಹೋಗುವುದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ತಳ್ಳುವ ಕೆಲಸ ಹೊತ್ತ ಗಾಲಿಗಳ ಮೇಲೆಯೇ ತೂಕ ಕಡಿಮೆ. ಲೋಡ್ ಹೇರಿದ ದಿನದ ಲೆಕ್ಕಕ್ಕೆ ಈ ಏರ್ಪಾಡು ಸರಿ; ಖಾಲಿ ಬರುವಾಗ ಅದೇ ಗಾಡಿ ತಡಬಡಾಯಿಸುತ್ತದೆ. ಮಲೆನಾಡಿನ ತೋಟದ ರಸ್ತೆಯಲ್ಲಿ ಆಷಾಢದ ಮಳೆಗೆ ಜಂಬಿಟ್ಟಿಗೆ ಮಣ್ಣು ನೆನೆದು ಸಾಬೂನಿನಂತಾದಾಗ, ಗೊಬ್ಬರ ಹೊತ್ತು ಇಳಿದ ಪಿಕಪ್ ಬರಿದಾಗಿ ಅದೇ ಏರು ಹತ್ತಲಾರದೆ ನಿಲ್ಲುವುದುಂಟು. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಹಿಮ ಬಿದ್ದ ಚಳಿಗಾಲದಲ್ಲಿಯೂ ಇದೇ ಕತೆ.

ಇದಕ್ಕೆ ಚಾಲಕರು ಮಾಡುವ ಉಪಾಯಗಳು ಎಲ್ಲೆಡೆಯೂ ಒಂದೇ ಬಗೆಯವು. ಹಿಂದಿನ ಅಚ್ಚಿನ ಮೇಲೆ ಮರಳಿನ ಮೂಟೆ ಇಡುವುದು, ಟೈರ್ ಬದಲಿಸುವುದು, ಗಾಲಿಗೆ ಚೈನ್ ಸುತ್ತುವುದು, ಡಿಫರೆನ್ಷಿಯಲ್ಲನ್ನು ಲಾಕ್ ಆಗುವಂಥದ್ದಕ್ಕೆ ಬದಲಾಯಿಸುವುದು, ಕೊನೆಗೆ ಗಾಲಿಯ ಕೆಳಗೆ ಕಲ್ಲನ್ನೋ ಸೋಗೆಯನ್ನೋ ಒತ್ತುವುದು. ಇವೆಲ್ಲ ಮೆಕ್ಯಾನಿಕ್‌ಗೆ ಸಂಬಂಧಿಸಿದ ಸಂಗತಿಗಳೇ ಹೌದು. ಆದರೆ ಇವುಗಳಲ್ಲಿ ಯಾವೊಂದೂ ಎಂಜಿನ್ನಿನ ಶಕ್ತಿಯನ್ನು ಎಳ್ಳಷ್ಟೂ ಹೆಚ್ಚಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ಗಾಡಿ ನಿಂತದ್ದು ಶಕ್ತಿ ಸಾಲದೆ ಅಲ್ಲ, ಮತ್ತೆ ಹೊರಟದ್ದು ಶಕ್ತಿ ಕೂಡಿಬಂದು ಅಲ್ಲ. ಹಾಗಾದರೆ ಚಲನೆಗೆ ಕಾರಣವೆಂದು ಯಾವುದನ್ನು ಕರೆಯಬೇಕು? ಚಲಿಸುವ ವಸ್ತುವಿನೊಳಗಿನ ಶಕ್ತಿಯನ್ನೋ, ಅದರ ಹೊರಗಿರುವ ಆಸರೆಯನ್ನೋ? ದರ್ಶನಗಳಲ್ಲಿ ಈ ಪ್ರಶ್ನೆ ಬಹಳ ಹಳೆಯದು.

ಅರಿಸ್ಟಾಟಲ್ ಪ್ರಾಣಿಗಳ ಚಲನೆಯನ್ನು ಕುರಿತ ತನ್ನ ಚಿಕ್ಕ ಗ್ರಂಥದಲ್ಲಿ ಇದನ್ನು ನೇರವಾಗಿ ಎತ್ತಿಕೊಂಡಿದ್ದಾನೆ. ಚಲಿಸುವ ಯಾವುದಕ್ಕಾದರೂ ತನ್ನ ಹೊರಗೆ ಚಲಿಸದ ಒಂದು ಬೇಕು ಎಂಬುದು ಅವನ ವಾದ. ಕಾಲಡಿಯ ಮರಳು ಜಾರಿಹೋದರೆ ನಡಿಗೆ ಸಾಗದು. ದೋಣಿಯೊಳಗೆ ನಿಂತು ಅದರ ಕೂವೆಮರವನ್ನೇ ಎಷ್ಟು ನೂಕಿದರೂ ದೋಣಿ ಕದಲದು. ಹೊರಗಿನದೊಂದಕ್ಕೆ ಗಳು ಊರಿ ನೂಕಿದರೆ ಸಲೀಸಾಗಿ ಸಾಗುತ್ತದೆ. ಎರಡು ಸಾವಿರ ವರ್ಷಗಳ ಬಳಿಕ ನ್ಯೂಟನ್ನನ ಮೂರನೆಯ ನಿಯಮ ಇದನ್ನೇ ಬಿಗಿಯಾದ ಭಾಷೆಗೆ ತಂದಿತು. ಎಂಜಿನ್ ಎಷ್ಟೇ ಅಬ್ಬರಿಸಿದರೂ ಪಿಸ್ಟನ್, ಶಾಫ್ಟ್, ಗಾಲಿಗಳ ನಡುವಿನ ಬಲಗಳೆಲ್ಲ ಗಾಡಿಯೊಳಗಿನವು. ಅವು ತಮ್ಮತಮ್ಮಲ್ಲೇ ವಜಾ ಆಗುತ್ತವೆ. ಗಾಡಿಯನ್ನು ಮುಂದಕ್ಕೆ ಒಯ್ಯಬಲ್ಲ ಹೊರಗಿನ ಬಲ ಒಂದೇ ಒಂದು. ಟೈರ್ ನೆಲವನ್ನು ಹಿಂದಕ್ಕೆ ತಳ್ಳಿದಾಗ ನೆಲ ಟೈರನ್ನು ಮುಂದಕ್ಕೆ ತಳ್ಳುವ ಘರ್ಷಣೆಯ ಬಲ ಅದು. ಮಾತನ್ನು ಅಕ್ಷರಶಃ ತೆಗೆದುಕೊಂಡರೆ ಪಿಕಪ್ಪನ್ನು ತಳ್ಳುವುದು ರಸ್ತೆ.

ಇಲ್ಲೊಂದು ಸೋಜಿಗವಿದೆ. ಉರುಳುವ ಗಾಲಿಯ ಮೇಲ್ತುದಿ ಗಾಡಿಯ ಎರಡರಷ್ಟು ವೇಗದಲ್ಲಿ ಮುಂದೋಡುತ್ತಿರುತ್ತದೆ, ಅಚ್ಚು ಗಾಡಿಯ ವೇಗದಲ್ಲಿ ಸಾಗುತ್ತಿರುತ್ತದೆ, ನೆಲ ಮುಟ್ಟಿದ ಬಿಂದು ಮಾತ್ರ ಆ ಕ್ಷಣಕ್ಕೆ ನಿಂತೇ ಇರುತ್ತದೆ. ನಿಂತ ಬಿಂದುವಿನ ಮೇಲೆ ವರ್ತಿಸುವ ಬಲ ಕೆಲಸ ಮಾಡುವುದಿಲ್ಲ. ಶಕ್ತಿಯ ಲೆಕ್ಕದ ಪುಸ್ತಕದಲ್ಲಿ ರಸ್ತೆಯ ಹೆಸರಿನಲ್ಲಿ ಬಿಡಿಗಾಸೂ ಜಮೆಯಾಗದು. ಖರ್ಚಾಗುವುದೆಲ್ಲ ಡೀಸೆಲ್ಲೇ. ಹೀಗೆ ಬಲ ಬಂದದ್ದು ನೆಲದಿಂದ, ಶಕ್ತಿ ಬಂದದ್ದು ಎಂಜಿನ್ನಿನಿಂದ. ‘ಕಾರಣ’ ಎಂದು ಲೋಕ ಒಟ್ಟಾಗಿ ಕರೆಯುವ ವಸ್ತು ಇಲ್ಲಿ ಎರಡಾಗಿ ಸೀಳಿದೆ. ನಿಜವಾದ ಟೈರ್ ಹೀಗೆ ಪೂರ್ತಿ ನಿಂತು ಉರುಳುವುದಿಲ್ಲ ಎಂಬುದನ್ನೂ ಸೇರಿಸಬೇಕು. ರಬ್ಬರ್ ಹಿಗ್ಗಿ ಕುಗ್ಗುವುದರಿಂದ ಚೂರು ಜಾರಿಕೆ ಇದ್ದೇ ಇರುತ್ತದೆ, ಅದಿಲ್ಲದೆ ತಳ್ಳುವ ಬಲವೂ ಹುಟ್ಟದು. ಅಷ್ಟರಿಂದ ವಾದ ಕೆಡುವುದಿಲ್ಲ.

ಭಾರತೀಯ ತರ್ಕಶಾಸ್ತ್ರ ಕಾರಣವನ್ನು ಬಿಡಿಸಿ ನೋಡುವುದರಲ್ಲಿ ಪಳಗಿದ್ದು. ನ್ಯಾಯ-ವೈಶೇಷಿಕರು ಕಾರಣದಲ್ಲಿ ಮೂರು ಬಗೆ ಹೇಳುತ್ತಾರೆ. ಬಟ್ಟೆಗೆ ನೂಲು ಸಮವಾಯಿ ಕಾರಣ, ನೂಲುನೂಲಿನ ಸಂಯೋಗ ಅಸಮವಾಯಿ ಕಾರಣ, ಮಗ್ಗ, ಲಾಳಿ, ನೇಕಾರ ಇವು ನಿಮಿತ್ತ ಕಾರಣ. ಈ ಚೌಕಟ್ಟಿನಲ್ಲಿಟ್ಟರೆ ಚಲನೆ ನೆಲೆಸುವುದು ಗಾಡಿಯಲ್ಲಿ, ಆದ್ದರಿಂದ ಗಾಡಿಯೇ ಸಮವಾಯಿ ಕಾರಣ. ಟೈರಿಗೂ ನೆಲಕ್ಕೂ ಆಗುವ ಒತ್ತಡದ ಸಂಯೋಗ ಅಸಮವಾಯಿ ಕಾರಣದ ಜಾಗದಲ್ಲಿ ನಿಲ್ಲುತ್ತದೆ. ಎಂಜಿನ್, ಡೀಸೆಲ್, ಚಾಲಕ ಮೂವರೂ ನಿಮಿತ್ತದ ಸಾಲಿಗೆ ಹೋಗುತ್ತಾರೆ. ರಸ್ತೆ ಬರೀ ಹಿನ್ನೆಲೆಯಲ್ಲ, ಅದರೊಂದಿಗಿನ ಸಂಯೋಗ ಚಲನೆಗೆ ಎಂಜಿನ್ನಿಗಿಂತ ಹತ್ತಿರದ ಕಾರಣ ಎಂಬುದು ಈ ವಿಂಗಡಣೆಯಿಂದ ಸಿಗುವ ಲಾಭ.

ಇದೇ ಶಾಸ್ತ್ರದ ಇನ್ನೊಂದು ಪರಿಕಲ್ಪನೆ ಮರಳಿನ ಮೂಟೆಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ: ಅನ್ಯಥಾಸಿದ್ಧ. ಕಾರ್ಯಕ್ಕೆ ಮೊದಲು ಹಾಜರಿದ್ದ ಮಾತ್ರಕ್ಕೆ ಒಂದು ವಸ್ತು ಕಾರಣವಾಗದು. ಕುಂಬಾರನ ಮಣ್ಣು ಹೊತ್ತು ತಂದ ಕತ್ತೆ ಮಡಕೆಗೆ ಕಾರಣವಲ್ಲ. ಕತ್ತೆಯಿಲ್ಲದೆಯೂ ಮಣ್ಣು ಬಂದೀತು. ಚಕ್ರ ತಿರುಗಿಸುವ ಕೋಲು ಕಾರಣ, ಕೋಲಿನ ಬಣ್ಣ ಕಾರಣವಲ್ಲ. ಹಿಂದಿನ ಅಚ್ಚಿನ ಮೇಲೆ ಕೂತ ಮೂಟೆಯಲ್ಲಿ ಮರಳೇ ಇರಬೇಕೆಂದಿಲ್ಲ. ಸಿಮೆಂಟ್ ಇಟ್ಟಿಗೆಯೋ ಅಡಿಕೆ ಚೀಲವೋ ನೀರಿನ ಡ್ರಮ್ಮೋ ಅಷ್ಟೇ ಕೆಲಸ ಮಾಡುತ್ತದೆ. ಆದ್ದರಿಂದ ಮರಳುತನ ಅನ್ಯಥಾಸಿದ್ಧ, ಭಾರ ಮತ್ತು ಅದು ಕೂತ ಸ್ಥಾನ ಕಾರಣ. ಹಿಮದ ನಾಡುಗಳ ಚಾಲಕರು ಆದರೂ ಮರಳನ್ನೇ ಆರಿಸುತ್ತಾರೆ. ಗಾಡಿ ಹೂತರೆ ಚೀಲದ ಬಾಯಿ ಬಿಚ್ಚಿ ಒಂದೆರಡು ಸಲಿಕೆ ಮರಳನ್ನು ಗಾಲಿಯ ಕೆಳಗೆ ಎರಚಬಹುದು ಎಂಬುದು ಅವರ ಲೆಕ್ಕ. ಆ ಗಳಿಗೆಯಲ್ಲಿ ಪಾತ್ರ ತಿರುಗುಮುರುಗಾಗುತ್ತದೆ. ಮರಳಿನ ಒರಟುತನ ಕಾರಣವಾಗುತ್ತದೆ, ಅದರ ತೂಕ ಲೆಕ್ಕಕ್ಕಿಲ್ಲದ ಬಣ್ಣವಾಗುತ್ತದೆ. ಒಂದೇ ವಸ್ತು ಎರಡು ಕ್ಷಣಗಳಲ್ಲಿ ಎರಡು ಬೇರೆ ಗುಣಗಳಿಂದ ಕಾರಣವಾಗಬಹುದಾದರೆ, ವಸ್ತುವನ್ನು ತೋರಿಸಿ ‘ಇದೇ ಕಾರಣ’ ಎನ್ನುವುದು ಅರ್ಧ ಉತ್ತರವಷ್ಟೇ. ನೈಯಾಯಿಕರು ಯಾವ ಗುಣಧರ್ಮದಿಂದ ಕೂಡಿ ಅದು ಕಾರಣವಾಯಿತು ಎಂದು ಪಟ್ಟುಹಿಡಿದು ಕೇಳುವುದು ಇದಕ್ಕೇ. ಹೊರಗಿನವರಿಗೆ ಕೂದಲು ಸೀಳುವಂತೆ ಕಾಣುವ ಆ ಪಟ್ಟು ಗ್ಯಾರೇಜಿನಲ್ಲಿ ನಿತ್ಯದ ಮಾತು.

ಆಸರೆಯ ಪ್ರಶ್ನೆಯನ್ನು ಎಲ್ಲರಿಗಿಂತ ಆಳಕ್ಕೆ ಒಯ್ದವರು ಜೈನರು. ಕರ್ನಾಟಕದಲ್ಲಿ ಶತಮಾನಗಳ ಕಾಲ ಬೇರೂರಿದ ಈ ದರ್ಶನದಲ್ಲಿ ‘ಧರ್ಮ’ ಎಂಬ ಪದಕ್ಕೆ ಪುಣ್ಯ, ಕರ್ತವ್ಯಗಳ ಅರ್ಥವಲ್ಲದೆ ಬೇರೊಂದು ಪಾರಿಭಾಷಿಕ ಅರ್ಥವೂ ಇದೆ. ಜೀವ, ಪುದ್ಗಲ (ಜಡವಸ್ತು), ಆಕಾಶ, ಕಾಲಗಳ ಜೊತೆ ಧರ್ಮ ಮತ್ತು ಅಧರ್ಮ ಎಂಬ ಎರಡು ದ್ರವ್ಯಗಳನ್ನು ಅದು ಒಪ್ಪುತ್ತದೆ. ಧರ್ಮದ್ರವ್ಯ ಚಲನೆಗೆ ಸಹಾಯಕ, ಅಧರ್ಮದ್ರವ್ಯ ನಿಲುಗಡೆಗೆ ಸಹಾಯಕ. ಮೀನಿಗೆ ನೀರು ಹೇಗೋ ಹಾಗೆ ಧರ್ಮದ್ರವ್ಯ ಎಂಬುದು ಸಂಪ್ರದಾಯದ ಉದಾಹರಣೆ. ನೀರು ಮೀನನ್ನು ತಳ್ಳುವುದಿಲ್ಲ, ಕರೆಯುವುದಿಲ್ಲ, ಆದರೆ ನೀರಿಲ್ಲದೆ ಮೀನು ಈಜಲಾರದು. ಇಂಥದ್ದನ್ನು ಜೈನ ತಾರ್ಕಿಕರು ಉದಾಸೀನ ನಿಮಿತ್ತ ಎನ್ನುತ್ತಾರೆ. ಮುಂದೆ ನಿಂತು ನಡೆಸುವಂಥದ್ದು ಪ್ರೇರಕ ನಿಮಿತ್ತ. ಚಲನೆಗೆ ಒಂದು ಆಸರೆ ಬೇಕಾದಂತೆ ನಿಲ್ಲುವುದಕ್ಕೂ ಒಂದು ಆಸರೆ ಬೇಕು ಎಂಬ ಅವರ ಸಮತೂಕ ಗಾಡಿಯ ವಿಷಯದಲ್ಲಿ ತಪ್ಪದೆ ನಿಜವಾಗುತ್ತದೆ. ಯಾವ ಘರ್ಷಣೆಯಿಂದ ಗಾಡಿ ಹೊರಡುತ್ತದೆಯೋ ಅದೇ ಘರ್ಷಣೆಯಿಂದ ಬ್ರೇಕ್ ಹಿಡಿಯುತ್ತದೆ. ಏರು ಹತ್ತಲು ಕಷ್ಟವಾದ ಮಣ್ಣಿನಲ್ಲಿ ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವುದೂ ಕಷ್ಟ.

ರಸ್ತೆ ಈ ಎರಡರಲ್ಲಿ ಯಾವ ಬಗೆಯ ನಿಮಿತ್ತ? ಎಂಜಿನ್ ತಾನಾಗಿ ತಳ್ಳದ ಹೊರತು ನೆಲ ತಳ್ಳುವುದಿಲ್ಲ, ಶಕ್ತಿಯನ್ನೂ ಕೊಡುವುದಿಲ್ಲ. ಆ ಮಟ್ಟಿಗೆ ಅದು ಉದಾಸೀನ. ಆದರೆ ತಳ್ಳಿದಾಗ ಅಳೆಯಬಹುದಾದ ಬಲವನ್ನು ಅದು ಹಿಂದಿರುಗಿಸುತ್ತದೆ; ಮೀನಿನ ಉದಾಹರಣೆಯ ಸುಮ್ಮನಿರುವ ನೀರಿಗಿಂತ ಹೆಚ್ಚಿನದನ್ನು ಮಾಡುತ್ತದೆ. ನಿಜಕ್ಕೆ ಮೀನಿನ ನೀರೂ ಹಾಗೆಯೇ: ಬಾಲ ಹಿಂದಕ್ಕೆ ನೂಕಿದ ನೀರು ಮೀನನ್ನು ಮುಂದಕ್ಕೆ ನೂಕುತ್ತದೆ. ಹಳೆಯ ಉದಾಹರಣೆ ಭೌತಶಾಸ್ತ್ರದ ಮುಂದೆ ಪೂರ್ತಿ ನಿಲ್ಲದಿದ್ದರೂ ಅದು ಮಾಡಿಕೊಟ್ಟ ಭೇದ ನಿಲ್ಲುತ್ತದೆ. ಕೇಳಿದಷ್ಟನ್ನು, ತನ್ನ ಮಿತಿಯೊಳಗೆ ಮಾತ್ರ ಕೊಡುವ ಕಾರಣವೊಂದಿದೆ. ಅದನ್ನು ಪ್ರೇರಕ ಎಂದರೂ ತಪ್ಪು, ಇಲ್ಲವೆಂದರೂ ತಪ್ಪು.

ಜೈನರಲ್ಲೇ ಭಾರದ ಪ್ರಶ್ನೆಯೂ ಬರುತ್ತದೆ. ಕರ್ಮವನ್ನು ಅವರು ಸೂಕ್ಷ್ಮವಾದ ಪುದ್ಗಲವೆಂದೇ ತಿಳಿಯುತ್ತಾರೆ. ಮಣ್ಣು ಮೆತ್ತಿದ ಸೋರೆಬುರುಡೆ ನೀರಿನ ತಳ ಸೇರುವಂತೆ ಕರ್ಮ ಅಂಟಿದ ಜೀವ ಕೆಳಗುಳಿಯುತ್ತದೆ, ಮಣ್ಣು ಕರಗಿದಂತೆ ಮೇಲೇಳುತ್ತದೆ. ಮುಕ್ತಿಯೆಂದರೆ ಹಗುರಾಗುವುದು. ಬೇರೆ ಮತಗಳಲ್ಲೂ ಭಾರ ಇಳಿಸುವುದೇ ಬಿಡುಗಡೆಯ ಸಾಮಾನ್ಯ ಚಿತ್ರ. ಖಾಲಿ ಪಿಕಪ್ ಈ ಚಿತ್ರಕ್ಕೆ ಎದುರಾಡುವಂತಿದೆ: ಹಗುರಾದಾಗ ಅದು ಸಿಕ್ಕಿಬೀಳುತ್ತದೆ, ಭಾರ ಹೊತ್ತಾಗ ಸಾಗುತ್ತದೆ. ಇಲ್ಲಿಂದ ‘ಭಾರವೇ ಬಲ, ಸಂಸಾರ ಹೊತ್ತವನೇ ಮುಂದೆ ಸಾಗುವವನು’ ಎಂಬ ಪ್ರವಚನಕ್ಕೆ ಜಿಗಿಯುವುದು ಬಲು ಸುಲಭ. ಲೆಕ್ಕ ಮಾಡಿ ನೋಡಿದರೆ ಆ ಜಿಗಿತಕ್ಕೆ ಆಧಾರ ಸಿಗುವುದಿಲ್ಲ.

ಖಾಲಿ ಗಾಡಿಯ ತೂಕ 1,700 ಕಿಲೋ ಎಂದಿಟ್ಟುಕೊಂಡರೆ ಹಿಂದಿನ ಗಾಲಿಗಳ ಮೇಲಿನ ಪಾಲು 680 ಕಿಲೋ. ಒಣ ಡಾಂಬರಿನ ಮೇಲೆ ಟೈರಿನ ಘರ್ಷಣಾಂಕ 0.7ರಿಂದ 0.9ರವರೆಗೆ ಇರುತ್ತದೆ, ಒತ್ತಿ ಗಟ್ಟಿಯಾದ ಹಿಮದ ಮೇಲೆ 0.2-0.3, ಮಂಜುಗಡ್ಡೆಯ ಮೇಲೆ 0.1 ಅಥವಾ ಅದಕ್ಕೂ ಕಡಿಮೆ. ಕೆಸರಿಗೋ ಹಿಮಕ್ಕೋ 0.25 ಎಂದು ಹಿಡಿದರೆ ಗಾಡಿಗೆ ಸಿಗುವ ತಳ್ಳುಬಲ 680ರ ಕಾಲುಭಾಗ, ಅಂದರೆ 170 ಕಿಲೋ ತೂಕಕ್ಕೆ ಸಮ. ನೂರು ಅಡಿಗೆ ಹತ್ತು ಅಡಿ ಏರುವ ರಸ್ತೆಯಲ್ಲಿ ಗಾಡಿಯನ್ನು ಕೆಳಗೆಳೆಯುವ ಬಲ 1,700ರ ಹತ್ತನೆಯ ಒಂದು ಭಾಗ, ಅದೂ 170. ಗಾಡಿ ಅಂಚಿನ ಮೇಲೆ ನಿಂತಿದೆ. ಎಲೆಯೊಂದು ಗಾಲಿಯಡಿ ಬಂದರೂ ಜಾರುತ್ತದೆ. ಏರಿನಲ್ಲಿ ಸ್ವಲ್ಪ ತೂಕ ತಾನಾಗಿ ಹಿಂದಕ್ಕೆ ವಾಲುವುದನ್ನು ಈ ಲೆಕ್ಕದಲ್ಲಿ ಬಿಡಲಾಗಿದೆ.

ಈಗ 200 ಕಿಲೋ ಮೂಟೆಗಳನ್ನು ಸರಿಯಾಗಿ ಹಿಂದಿನ ಅಚ್ಚಿನ ಮೇಲಿಟ್ಟರೆ ಹಿಂದಿನ ತೂಕ 880, ತಳ್ಳುಬಲ 220. ಏರು ಕೇಳುವುದು 190. ಗಾಡಿ ಹತ್ತುತ್ತದೆ. ಅದೇ ಮೂಟೆಗಳನ್ನು ಎರಡು ಅಚ್ಚುಗಳ ನಟ್ಟನಡುವೆ ಇಟ್ಟರೆ ಹಿಂದಕ್ಕೆ ಹೋಗುವುದು 100 ಕಿಲೋ. ತಳ್ಳುಬಲ 195, ಬೇಡಿಕೆ 190, ಕಷ್ಟಪಟ್ಟು ಹತ್ತೀತು. ಹಿಂದಕ್ಕೆ ಕಾಲುಭಾಗವಷ್ಟೇ ತಲುಪುವಂತೆ ಕ್ಯಾಬಿನ್ನಿನಲ್ಲಿ ಪೇರಿಸಿದರೆ ತಳ್ಳುಬಲ 182.5, ಬೇಡಿಕೆ 190. ಮೂಟೆಯಿಲ್ಲದಾಗ ಅಂಚಿನಲ್ಲಾದರೂ ನಿಂತಿದ್ದ ಗಾಡಿ ಈಗ ಜಾರಿ ಕೆಳಗಿಳಿಯುತ್ತದೆ. ಮೂಟೆ ಅದೇ, ತೂಕ ಅದೇ. ಒಂದು ಕಡೆ ಆಸರೆ, ಇನ್ನೊಂದು ಕಡೆ ಹೊರೆ. ಈ ಏರಿನಲ್ಲಿ ಗಡಿ ಎಲ್ಲಿದೆಯೆಂದೂ ಹೇಳಬಹುದು: ಹೇರಿದ ಭಾರದಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಹಿಂದಿನ ಗಾಲಿಗೆ ತಲುಪಿದರೆ ಲಾಭ, ಕಡಿಮೆಯಾದರೆ ನಷ್ಟ. ಏರು ಕಡಿದಾದಷ್ಟೂ ಈ ಗಡಿ ಮೇಲೇರುತ್ತದೆ. ನೂರಕ್ಕೆ ಇಪ್ಪತ್ತೈದರ ಏರಿನಲ್ಲಿ ಅದು ಶೇಕಡಾ 100 ಮುಟ್ಟುತ್ತದೆ. ಅಲ್ಲಿಂದಾಚೆಗೆ ಎಷ್ಟು ಹೇರಿದರೂ ಉಪಯೋಗವಿಲ್ಲ, ಅಚ್ಚಿನ ಮೇಲಿಟ್ಟ ಪ್ರತಿ ಕಿಲೋ ಕೊಡುವುದಕ್ಕಿಂತ ಹೆಚ್ಚು ಕೇಳುತ್ತದೆ. ಭಾರವು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಹೀಗೆ ಉತ್ತರವೇ ಇಲ್ಲ. ಭಾರ, ಸ್ಥಾನ, ನೆಲ, ಏರು ಈ ನಾಲ್ಕೂ ಕೂಡಿದ ಮೇಲಷ್ಟೇ ಪ್ರಶ್ನೆಗೆ ಅರ್ಥ ಬರುತ್ತದೆ.

ಹಿಂದಿನ ಅಚ್ಚಿಗಿಂತಲೂ ಹಿಂದಕ್ಕೆ ಭಾರ ಸರಿಸಿದರೆ ಹಿಡಿತ ಇನ್ನೂ ಹೆಚ್ಚುತ್ತದೆ. ಮಲೆನಾಡಿನಲ್ಲಿ ಗಾಡಿ ಸಿಕ್ಕಿಕೊಂಡಾಗ ಆಳುಗಳು ಹಿಂಬದಿಯ ಬಂಪರ್ ಹತ್ತಿ ನಿಂತು ಕುಪ್ಪಳಿಸುವುದು ಇದಕ್ಕೇ. ಆದರೆ ಆಗ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ತೇಲುತ್ತದೆ. ಕಟ್ಟದೆ ಬಿಟ್ಟ ಮೂಟೆ ಬ್ರೇಕ್ ಒತ್ತಿದಾಗ ಮುಂದಕ್ಕೆ ನುಗ್ಗಿ ಕ್ಯಾಬಿನ್ನಿಗೆ ಬಡಿಯುತ್ತದೆ. ಕೆಸರು ಆಳವಿದ್ದರೆ ಭಾರವೇ ಗಾಲಿಯನ್ನು ಹೂಳುತ್ತದೆ.

ಸೋರೆಬುರುಡೆಯ ಚಿತ್ರ ಕೊಟ್ಟ ಜೈನರೇ ಹಗುರತನದ ಮಿತಿಯನ್ನೂ ಗುರುತಿಸಿದ್ದಾರೆ. ಎಲ್ಲ ಕರ್ಮ ಕಳಚಿದ ಜೀವ ಸ್ವಭಾವದಿಂದಲೇ ಮೇಲಕ್ಕೆ ಹೋಗಿ ಲೋಕದ ತುದಿಯಲ್ಲಿ ನಿಲ್ಲುತ್ತದೆ. ಯಾಕೆ ಅಲ್ಲೇ ನಿಲ್ಲಬೇಕು? ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಹತ್ತನೆಯ ಅಧ್ಯಾಯದ ದಿಗಂಬರ ಪಾಠ ಕೊಡುವ ಕಾರಣ, ಅದರಾಚೆ ಧರ್ಮದ್ರವ್ಯ ಇಲ್ಲ ಎಂಬುದು. ಭಾರ ಲವಲೇಶವೂ ಉಳಿಯದ, ತನ್ನ ಸ್ವಭಾವವೇ ಊರ್ಧ್ವಗತಿಯಾದ ಮುಕ್ತಜೀವಕ್ಕೂ ಆಸರೆಯಿಲ್ಲದಲ್ಲಿ ಗತಿಯಿಲ್ಲ. ಬಿಡುಗಡೆಯನ್ನು ಇಷ್ಟು ಎತ್ತರಕ್ಕೆ ಒಯ್ದ ದರ್ಶನವೊಂದು ಆಸರೆಯ ನಿಯಮವನ್ನು ಮಾತ್ರ ಸಡಿಲಿಸದೆ ಹೋದದ್ದು ಅದರ ತಾರ್ಕಿಕ ಪ್ರಾಮಾಣಿಕತೆಗೆ ಸಾಕ್ಷಿ.

ಕಾಂಟ್ ಇದೇ ಮಾತಿಗೆ ಬೇರೆ ದಾರಿಯಿಂದ ಬಂದ. 1781ರಲ್ಲಿ ಹೊರಬಂದ ಶುದ್ಧ ವಿಚಾರದ ವಿಮರ್ಶೆಯ ಪೀಠಿಕೆಯಲ್ಲಿ, ಗಾಳಿಯ ತಡೆಯನ್ನು ಅನುಭವಿಸಿದ ಪಾರಿವಾಳ ಬರಿದಾದ ಅವಕಾಶದಲ್ಲಿ ಇನ್ನೂ ಸಲೀಸಾಗಿ ಹಾರಬಹುದೆಂದು ಎಣಿಸೀತು ಎನ್ನುತ್ತಾನೆ. ಅನುಭವದ ಲೋಕವನ್ನು ಬಿಟ್ಟು ಬರೀ ಕಲ್ಪನೆಗಳ ಮೇಲೆ ಹಾರಹೊರಟ ಪ್ಲೇಟೋವನ್ನು ಅವನು ಟೀಕಿಸಿದ್ದು ಹೀಗೆ. ವಿಟ್‌ಗೆನ್‌ಸ್ಟೈನನ ಮರಣಾನಂತರ 1953ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಘರ್ಷಣೆಯೇ ಇಲ್ಲದ ಮಂಜುಗಡ್ಡೆಯ ಚಿತ್ರ ಬರುತ್ತದೆ. ದೋಷವಿಲ್ಲದ ತರ್ಕಭಾಷೆಯನ್ನು ಹುಡುಕಿ ಹೋದವರು ಅಲ್ಲಿಗೆ ತಲುಪಿ ಹೆಜ್ಜೆಯಿಡಲಾರದೆ ನಿಲ್ಲುತ್ತಾರೆ. ಇಬ್ಬರೂ ಹೇಳಿದ್ದು ತಿಳಿವಿನ ವಿಷಯ. ತಡೆಯೂ ಆಸರೆಯೂ ಒಂದೇ ವಸ್ತುವಿನ ಎರಡು ಹೆಸರುಗಳು ಎಂಬ ಮಟ್ಟಿಗೆ ಅದು ಗಾಲಿಗೂ ಅನ್ವಯಿಸುತ್ತದೆ.

ಆಸರೆಗೆ ಮಿತಿಯಿದೆ, ಆ ಮಿತಿಯನ್ನು ದಾಟಿದ ಪ್ರಯತ್ನ ತನ್ನನ್ನೇ ಕೆಡಿಸಿಕೊಳ್ಳುತ್ತದೆ. ನಿಂತ ಮೇಲ್ಮೈಗಳ ನಡುವಿನ ಘರ್ಷಣೆ ಜಾರುವ ಮೇಲ್ಮೈಗಳ ನಡುವಿನದಕ್ಕಿಂತ ಹೆಚ್ಚು. ಆಕ್ಸಿಲರೇಟರ್ ಒತ್ತಿ ಗಾಲಿ ಒಮ್ಮೆ ಸುತ್ತತೊಡಗಿದರೆ ಸಿಗುತ್ತಿದ್ದ ಹಿಡಿತವೂ ಇಳಿಯುತ್ತದೆ. ಸುತ್ತುವ ಟೈರ್ ಹಿಮವನ್ನು ಕರಗಿಸಿ ಗಾಜಿನಂತೆ ನುಣುಪು ಮಾಡುತ್ತದೆ, ಕೆಸರಿನಲ್ಲಾದರೆ ತನಗೆ ತಾನೇ ಗುಂಡಿ ತೋಡಿಕೊಳ್ಳುತ್ತದೆ. ಪಳಗಿದ ಚಾಲಕ ಎರಡನೆಯ ಗೇರಿನಲ್ಲಿ, ಕ್ಲಚ್ಚನ್ನು ಮೆಲ್ಲನೆ ಬಿಟ್ಟು, ಎಂಜಿನ್ ಗುರುಗುಡುವಷ್ಟರಲ್ಲೇ ಹೊರಡಿಸುತ್ತಾನೆ. ಇದನ್ನು ನಿಷ್ಕಾಮ ಕರ್ಮದ ದೃಷ್ಟಾಂತವಾಗಿ ಬಳಸುವ ಆಸೆ ಹುಟ್ಟಬಹುದು. ಅದು ಹೊಂದುವುದಿಲ್ಲ. ಚಾಲಕನಿಗೆ ಏರು ಹತ್ತುವ ಫಲದ ಮೇಲೆ ಆಸೆ ಪೂರ್ತಿ ಇದೆ, ಅವನು ಬಿಟ್ಟದ್ದು ಅವಸರವನ್ನು ಮಾತ್ರ.

ನೀತಿಶಾಸ್ತ್ರದ ದೃಷ್ಟಿಯಿಂದ ಹಿಂದಿನ ಅಚ್ಚಿನ ನಡುವಿನ ಡಿಫರೆನ್ಷಿಯಲ್ ಇನ್ನೂ ಕುತೂಹಲದ್ದು. ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕಾದ್ದರಿಂದ ಎರಡಕ್ಕೂ ಬೇರೆ ಬೇರೆ ವೇಗ ಬಿಟ್ಟುಕೊಡಲು ಅದನ್ನು ಇಟ್ಟಿದ್ದಾರೆ. ಸಾಮಾನ್ಯ ಡಿಫರೆನ್ಷಿಯಲ್ ಎರಡು ಗಾಲಿಗೂ ತಿರುಚುಬಲವನ್ನು ಸಮನಾಗಿ ಹಂಚುತ್ತದೆ. ತೊಂದರೆ ಇರುವುದು ಈ ಸಮಾನತೆಯಲ್ಲೇ. ಎಡಗಾಲಿ ಕೆಸರಿನಲ್ಲಿ, ಬಲಗಾಲಿ ಗಟ್ಟಿ ನೆಲದ ಮೇಲೆ ಇದ್ದಾಗ ಕೆಸರಿನ ಗಾಲಿ ತಡೆಯಬಲ್ಲಷ್ಟು ಬಲವೇ ಗಟ್ಟಿ ನೆಲದ ಗಾಲಿಗೂ ಸಿಗುತ್ತದೆ. ಎಡಗಾಲಿ ಗಿರಗಿರನೆ ಸುತ್ತುತ್ತದೆ, ಬಲಗಾಲಿ ಕೈಕಟ್ಟಿ ಕೂರುತ್ತದೆ. ಸಮಪಾಲು ಎಂಬುದು ಇಲ್ಲಿ ಅತಿ ದುರ್ಬಲನ ಮಟ್ಟಕ್ಕೆ ಇಬ್ಬರನ್ನೂ ಇಳಿಸುವ ನಿಯಮವಾಗುತ್ತದೆ. ಪ್ರತಿಯೊಬ್ಬನಿಗೂ ಸಮನಾಗಿ ಕೊಡುವುದು ಮತ್ತು ಪ್ರತಿಯೊಬ್ಬನ ಸ್ಥಿತಿಗೆ ತಕ್ಕಂತೆ ಕೊಡುವುದು ಬೇರೆಬೇರೆ ಎಂದು ನ್ಯಾಯಚಿಂತನೆ ಅರಿಸ್ಟಾಟಲನ ಕಾಲದಿಂದ ವಾದಿಸುತ್ತ ಬಂದ ಭೇದ ಒಂದು ಹಲ್ಲುಚಕ್ರದ ಪೆಟ್ಟಿಗೆಯೊಳಗೆ ಕೂತಿದೆ.

ಮೆಕ್ಯಾನಿಕ್‌ಗಳು ಹೇಳಿಕೊಡುವ ಹಳೆಯ ಉಪಾಯವೊಂದು ಇಲ್ಲಿ ಕೆಲಸಕ್ಕೆ ಬರುತ್ತದೆ: ಹ್ಯಾಂಡ್ ಬ್ರೇಕನ್ನು ಒಂದೆರಡು ಹಲ್ಲಿನಷ್ಟು ಎಳೆದು ಹೊರಡುವುದು. ಹಿಂದಿನ ಗಾಲಿಗಳ ಮೇಲೆ ಬ್ರೇಕ್ ತುಸು ಕಚ್ಚಿದಾಗ ಸುತ್ತುವ ಗಾಲಿಗೆ ಒಂದು ಕೃತಕ ತಡೆ ಸಿಗುತ್ತದೆ. ಅದನ್ನು ಮೀರಲು ಹೋಗುವಷ್ಟೇ ಬಲ ಎದುರು ಗಾಲಿಗೂ ಹರಿಯುತ್ತದೆ. ಆ ಗಾಲಿಯೂ ಅಷ್ಟೇ ಬ್ರೇಕನ್ನು ಮೀರಬೇಕಾದ್ದರಿಂದ ಲಾಭ ಚಿಕ್ಕದು, ಆದರೂ ಕೆಲವೊಮ್ಮೆ ಗಾಡಿ ಅಷ್ಟರಿಂದಲೇ ಕದಲುತ್ತದೆ. ಈಗಿನ ಗಾಡಿಗಳ ಎಲೆಕ್ಟ್ರಾನಿಕ್ ಟ್ರ್ಯಾಕ್ಷನ್ ಕಂಟ್ರೋಲ್ ಸುತ್ತುವ ಗಾಲಿಯೊಂದನ್ನೇ ಹುಡುಕಿ ಬ್ರೇಕ್ ಹಾಕುತ್ತದೆ, ಅದರ ಫಲ ಹೆಚ್ಚು. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಒಳಗಿನ ಕ್ಲಚ್ ಬಿಲ್ಲೆಗಳ ಉಜ್ಜುವಿಕೆಯಿಂದ ಇದನ್ನು ಸಾಧಿಸುತ್ತದೆ. ಪೂರ್ತಿ ಲಾಕ್ ಆಗುವಂಥದ್ದು ಎರಡೂ ಗಾಲಿಗಳನ್ನು ಒಂದೇ ವೇಗಕ್ಕೆ ಬಿಗಿದುಬಿಡುತ್ತದೆ. ಹಿಡಿತವಿರುವ ಗಾಲಿ ತನ್ನ ಶಕ್ತಿಯಿದ್ದಷ್ಟೂ ತಳ್ಳುತ್ತದೆ, ಆದರೆ ಗಟ್ಟಿ ರಸ್ತೆಯ ತಿರುವಿನಲ್ಲಿ ಟೈರ್ ತರಚುತ್ತದೆ.

ಇಷ್ಟೂ ಗಾಡಿಯ ಕಡೆಯ ಉಪಾಯಗಳು. ಉಳಿದವು ನೆಲಕ್ಕೆ ಕೈಹಾಕುವಂಥವು. ಮಲೆನಾಡು, ಕೊಡಗಿನ ಕಡೆ ಮಳೆಗಾಲದಲ್ಲಿ ಜೀಪುಗಳ ಗಾಲಿಗೆ ಕಬ್ಬಿಣದ ಚೈನ್ ಬಿಗಿಯುತ್ತಾರೆ. ಕೊಂಡಿಗಳು ಕೆಸರಿನ ಪದರವನ್ನು ಸೀಳಿ ಕೆಳಗಿನ ಗಟ್ಟಿ ಮಣ್ಣನ್ನು ಕಚ್ಚುತ್ತವೆ. ಎಷ್ಟು ಭಾರ ಹೇರಿದರೂ ಹತ್ತದ ಏರನ್ನು ಚೈನ್ ಹತ್ತಿಸುತ್ತದೆ, ಯಾಕೆಂದರೆ ಅದು ಬದಲಿಸುವುದು ಘರ್ಷಣಾಂಕವನ್ನೇ. ಆದರೆ ಹಾಗೆ ಕಚ್ಚಿದ ಮಣ್ಣು ಕಿತ್ತುಬರುತ್ತದೆ. ಗಾಲಿ ಹಾದಿಯ ಎರಡು ಚರಂಡಿಗಳು ಆಳವಾಗುತ್ತ, ನಡುವಿನ ದಿಣ್ಣೆ ಬೇಸಿಗೆಗೆ ಕಲ್ಲಾಗಿ, ಹಿಂದಿನಿಂದ ಬರುವ ಗಾಡಿಯ ಹೊಟ್ಟೆಗೆ ತಾಗುತ್ತದೆ. ಆಸರೆ ಉದಾಸೀನವಾದದ್ದು, ಎಷ್ಟು ಬಳಸಿದರೂ ಸವೆಯದು ಎಂಬುದು ದ್ರವ್ಯಮೀಮಾಂಸೆಯಲ್ಲಿ ನಡೆಯುವ ಮಾತು. ಮಣ್ಣಿನ ರಸ್ತೆಯಲ್ಲಿ ಅಲ್ಲ. ಇಲ್ಲಿ ಒಬ್ಬನ ಹಿಡಿತ ಇನ್ನೊಬ್ಬನ ದಾರಿಯಿಂದ ಕಿತ್ತದ್ದು. ಆಗ ಕಾರಣದ ಪ್ರಶ್ನೆ ಋಣದ ಪ್ರಶ್ನೆಯಾಗಿ ತಿರುಗುತ್ತದೆ, ಅದಕ್ಕೆ ಉತ್ತರ ಕೊಟ್ಟಿರುವುದು ತಾರ್ಕಿಕರಿಗಿಂತ ಹೆಚ್ಚಾಗಿ ಶಾಸನ ಮಾಡುವವರು. ಹಿಮದ ಮೇಲೆ ಹಿಡಿತಕ್ಕೆಂದು ಲೋಹದ ಮೊಳೆ ಕೂರಿಸಿದ ಟೈರುಗಳು ರಸ್ತೆಯನ್ನು ಕೆರೆಯುತ್ತವೆಂದು ಅಮೆರಿಕದ ಮಿನೆಸೋಟಾ ರಾಜ್ಯ 1970ರ ದಶಕದ ಮೊದಲಲ್ಲೇ ಅವನ್ನು ನಿಷೇಧಿಸಿತು. ಜಪಾನಿನ ಉತ್ತರದ ನಗರಗಳಲ್ಲಿ ಆ ಮೊಳೆಗಳು ಡಾಂಬರನ್ನು ಕೆರೆದು ಎಬ್ಬಿಸಿದ ಧೂಳು ಜನರ ಉಸಿರಿಗೇ ತೊಡಕಾದಾಗ ಅಲ್ಲಿಯೂ 1990ರಲ್ಲಿ ಕಾನೂನು ಬಂತು. ಅಲ್ಲಿನ ಟೈರ್ ತಯಾರಕರು ಮೊಳೆ ಬಿಟ್ಟು, ಚಳಿಯಲ್ಲೂ ಮೆತ್ತಗಿರುವ ರಬ್ಬರಿನ ಕಡೆ ತಿರುಗಿದರು. ಸಣ್ಣ ಸೀಳುಗಳಿರುವ ಆ ರಬ್ಬರ್ ರಸ್ತೆಯನ್ನು ಕೆರೆಯದೆ ಹಿಮಕ್ಕೆ ಅಂಟಿ ಹಿಡಿಯುತ್ತದೆ.